ಹನ್ನೊಂದು ಕಿಲೋ ಇನ್ನೂರು ಗ್ರಾಂ

ನಮ್ಮೂರಲ್ಲಿ ಬೆಳಿಗ್ಗೆ ಎದ್ದವರು ಮೊದಲು ಕೇಳುವ ಮಾತು "ಇವತ್ತು ಎಲ್ಲಿದೆ?" ಎಂಬುದು. ಕೇಳುವುದು ಹೊಳೆಯನ್ನು ಕುರಿತು. ನಿನ್ನೆ ಅಕ್ಕಸಾಲಿಗರ ಬೀದಿಯಲ್ಲಿ ಹರಿಯುತ್ತಿದ್ದ ಹೊಳೆ ಇವತ್ತು ತರಕಾರಿ ಮಾರ್ಕೆಟ್ಟಿನ ಹಿಂದಿರಬಹುದು, ನಾಳೆ ನಿಮ್ಮ ಮನೆಯ ಜಗಲಿಗೇ ಬಂದು ಒರಗಿರಬಹುದು. ಒಂದು ದಿನವೆಲ್ಲ ಅಲ್ಲೇ ಇರುತ್ತದೆ, ಮಾರನೆಯ ಬೆಳಿಗ್ಗೆ ನೋಡಿದರೆ ಇನ್ನೊಂದು ಬೀದಿ. ಇದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮೀನು ಮಾರುವವರು ಬುಟ್ಟಿ ಹೊತ್ತು ಅದರ ಹಿಂದೆ ಹೋಗುತ್ತಾರೆ. ಅಗಸರು ಬಟ್ಟೆ ಒಗೆಯುವ ಕಲ್ಲು ಬಿಟ್ಟು ಹಲಗೆ ಇಟ್ಟುಕೊಂಡಿದ್ದಾರೆ. ಎಲ್ಲರ ಮನೆಯ ಹೊಸ್ತಿಲೂ ಮೊಣಕಾಲೆತ್ತರ. ಒಂದು ಕಾಲದಲ್ಲಿ ಸರ್ಕಾರದವರು ಬಸ್ಸು ಬಿಟ್ಟಿದ್ದರು. ಮೂರನೆಯ ದಿನ ಬಸ್ ಸ್ಟ್ಯಾಂಡೇ ಹೊಳೆಯೊಳಗಿತ್ತು, ಕಂಡಕ್ಟರು ಬಸ್ಸಿನ ತಲೆಯ ಮೇಲೆ ಕೂತು ಸೀಟಿ ಊದುತ್ತಿದ್ದರು. ಆಮೇಲೆ ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಹೀಗಾಗಿ ಮನೆಗೊಂದು ದೋಣಿ. ಹೋಗುವಾಗ ನೀರಿದ್ದ ದಾರಿಯಲ್ಲಿ ಮರುದಿನ ಬರುವಾಗ ನೀರಿರುವುದಿಲ್ಲವಾದ್ದರಿಂದ ದೋಣಿಯಲ್ಲಿ ಕೂರುವಷ್ಟೇ ಹೊತ್ತು ದೋಣಿಯನ್ನು ಹೊರುವುದೂ ನಮಗೆ ಇದ್ದದ್ದೇ. ಈ ಹೊರುವ ವಿಷಯದಲ್ಲಿ ನಮ್ಮಲ್ಲಿ ಒಂದು ಕಟ್ಟಳೆಯಿದೆ. ಬೀದಿಯಲ್ಲಿ, ಒಣನೆಲದ ಮೇಲೆ, ಒಬ್ಬರ ದೋಣಿಯನ್ನು ಇನ್ನೊಬ್ಬರು ಕೈಕೊಟ್ಟು ಎತ್ತಿದರೆ ಎತ್ತಿದವರಿಗೂ ಅದರಲ್ಲಿ ಸಮಪಾಲು. ಇಬ್ಬರು ಎತ್ತಿದರೆ ಇಬ್ಬರಿಗೆ, ಹತ್ತು ಜನ ಎತ್ತಿದರೆ ಹತ್ತು ಜನಕ್ಕೆ. ನಮ್ಮಲ್ಲಿ ಮದುವೆ ಎಂದರೂ ಇಷ್ಟೇ: ಗಂಡು ಹೆಣ್ಣು ಸೇರಿ ಒಂದು ದೋಣಿ ಎತ್ತುವುದು, ಆಮೇಲೆ ಊಟ. ಒಬ್ಬರ ಸಹಾಯವನ್ನೂ ಪಡೆಯದೆ ತನ್ನ ದೋಣಿಯನ್ನು ತಾನೇ ಹೊತ್ತುಕೊಂಡು ಬಾಳಿದವನನ್ನು 'ಒಂಟಿ ಒಡೆಯ' ಎನ್ನುತ್ತಾರೆ. ಅದನ್ನು ಮನೆಯ ಬೋರ್ಡಿನಲ್ಲಿ ಹೆಸರಿಗೆ ಮುಂಚೆ ಬರೆಸಿಕೊಳ್ಳುತ್ತಾರೆ, ಬಿ.ಎ. ಎಂಬುದನ್ನು ಹೆಸರಿನ ಹಿಂದೆ ಬರೆಸಿಕೊಂಡ ಹಾಗೆ.

ಇನ್ನೊಬ್ಬರ ದೋಣಿಗೆ ಕೈಹಾಕುವುದು ನಮ್ಮಲ್ಲಿ ಜೇಬಿಗೆ ಕೈಹಾಕಿದಷ್ಟೇ ಕೆಟ್ಟದ್ದು. ಆದ್ದರಿಂದ ಯಾರಾದರೂ ದೋಣಿ ಹೊರಲಾರದೆ ಒದ್ದಾಡುತ್ತಿದ್ದರೆ ಮರ್ಯಾದಸ್ಥರಾದವರು ಎರಡೂ ಅಂಗೈಗಳನ್ನು ಮೇಲೆತ್ತಿ ತೋರಿಸಿ ಎರಡು ಹೆಜ್ಜೆ ಹಿಂದೆ ಸರಿಯಬೇಕು. ನಿಮ್ಮ ಸ್ವತ್ತು ನಮಗೆ ಬೇಡ ಎಂದು ಅದರ ಅರ್ಥ. ಒಮ್ಮೆ ತಾಲೂಕು ಕಚೇರಿಯ ಶಿರಸ್ತೇದಾರರು ತಮ್ಮದೇ ದೋಣಿಯ ಅಡಿಗೆ ಬಿದ್ದರು. ಹದಿನಾಲ್ಕು ಜನ ಮರ್ಯಾದಸ್ಥರು ಅರ್ಧ ಗಂಟೆ ಕೈ ಎತ್ತಿಕೊಂಡು ಸುತ್ತ ನಿಂತಿದ್ದೆವು. ಶಿರಸ್ತೇದಾರರು ಕೊನೆಗೆ ತಾವೇ ತೆವಳಿಕೊಂಡು ಹೊರಗೆ ಬಂದು, ತುಟಿಯ ರಕ್ತ ಒರೆಸಿಕೊಂಡು, ಹದಿನಾಲ್ಕು ಜನಕ್ಕೂ ಒಬ್ಬೊಬ್ಬರಾಗಿ ಕೈಮುಗಿದರು. ಅಂಥ ಸುಸಂಸ್ಕೃತ ಊರು ನಮ್ಮದು.

ನಾನು ಚಂದ್ರಮೌಳಿ, ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತ. ಅಂಗಡಿಯವರ ತೂಕದ ಬಟ್ಟುಗಳನ್ನು ತೂಗಿ ನೋಡಿ ಮೊಹರು ಹಾಕುವುದು ನನ್ನ ಕೆಲಸ. ಮದುವೆಯಾಗಲಿಲ್ಲ. ಹದಿನಾರು ಮನೆಗಳಲ್ಲಿ ಹೆಣ್ಣು ನೋಡಿ ಉಪ್ಪಿಟ್ಟು ತಿಂದೆ, ಹದಿನೇಳನೆಯವಳು ಇನ್ನೂ ಚೆನ್ನಾಗಿರಬಹುದು ಎಂದು ಕಾದೆ, ಅಷ್ಟರಲ್ಲಿ ಉಪ್ಪಿಟ್ಟು ಕೊಡುವವರೇ ನಿಂತುಹೋದರು. ನನಗೆ ಸ್ವಂತದವಳೆಂದು ಇರುವುದು ಅಂಬಕ್ಕ ಒಬ್ಬಳೇ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅಮ್ಮ ನನ್ನನ್ನು ಹೆತ್ತು ಕಣ್ಣು ಮುಚ್ಚಿದಾಗ ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು ಅವಳು. ಮದುವೆಯಾಗಿ ಹೋದದ್ದು ಹೊಳೆಯ ಮೇಲ್ಗಡೆಯ ಒಂದು ಹಳ್ಳಿಗೆ. ಭಾವ ತೀರಿಕೊಂಡ ಮೇಲೂ ಎಮ್ಮೆಯೊಂದನ್ನು ಸಾಕಿಕೊಂಡು ಅಲ್ಲೇ ಇದ್ದಳು. ಆ ಹಳ್ಳಿಗೆ ನಮ್ಮೂರಿನಿಂದ ನೀರಿನಲ್ಲಿ ನಾಲ್ಕು ದಿನದ ಹಾದಿ. ನಡುವೆ ಒಂಬತ್ತು ಕಡೆ ಹೊಳೆ ಹಳೆಯ ಜಾಗ ಬಿಟ್ಟು ಎಲ್ಲೋ ಹೋಗಿರುತ್ತದೆ, ಅಲ್ಲೆಲ್ಲ ದೋಣಿ ಹೊತ್ತು ನಡೆಯಬೇಕು. ಇದನ್ನು ಒಂಬತ್ತು ಹೊರೆ ಎನ್ನುತ್ತಾರೆ.

ಎಂಟು ವರ್ಷದ ಹಿಂದೆ ಅಂಬಕ್ಕ ಕಾಗದ ಬರೆದಳು. "ಚಿರಂಜೀವಿ ಮೌಳಿಗೆ ಆಶೀರ್ವಾದ. ಕಣ್ಣು ಮಂಜಾಗುತ್ತಿದೆ. ಇದಕ್ಕೆ ಮದ್ದಿಲ್ಲ, ನಿಧಾನವಾಗಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಹೋಗುವುದರೊಳಗೆ ನಿನ್ನ ಮುಖ ಒಂದು ಸಲ ನೋಡಬೇಕು. ಬಾ." ಓದಿ ಅತ್ತೆ. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಅತ್ತೆ. ಮೂಗು ಒರೆಸಿಕೊಂಡು ಅವತ್ತೇ ಉತ್ತರ ಬರೆದೆ: ಖಂಡಿತ ಬರುತ್ತೇನೆ, ತಕ್ಕ ದೋಣಿಯೊಂದು ಆಗಲಿ.

ನನ್ನಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಹಳೆಯ ದೋಣಿ, ಮೂವತ್ತೊಂದು ಕಿಲೋ. ಅದನ್ನು ಹೊತ್ತು ಕಚೇರಿಗೆ ಹೋಗಿ ಬರುವಷ್ಟರಲ್ಲೇ ಬಲಭುಜ ಹಲ್ಲುನೋವಿನ ಹಾಗೆ ಸೆಳೆಯುತ್ತಿತ್ತು. ಅದರ ಜೊತೆ ಒಂಬತ್ತು ಹೊರೆ ದಾಟುವುದೆಂದರೆ ದಾರಿಯಲ್ಲಿ ಯಾರ ಕೈಯನ್ನಾದರೂ ಬೇಡಲೇಬೇಕು. ಬೇಡಿದರೆ ಒಂಟಿ ಒಡೆಯ ಚಂದ್ರಮೌಳಿ ಎಂಬ ಬೋರ್ಡು ಇಳಿಸಬೇಕು. ಆದ್ದರಿಂದ ದೂರ ಪ್ರಯಾಣದ ಹಗುರ ಕಯಾಕ್ ಕೊಳ್ಳುವುದೆಂದು ನಿಶ್ಚಯಿಸಿ ಗುರುಬಸಣ್ಣನ ದೋಣಿ ಅಂಗಡಿಯ ಮೆಟ್ಟಿಲು ಹತ್ತಿದೆ. ಆ ಮೆಟ್ಟಿಲನ್ನು ಆರು ವರ್ಷ ಹತ್ತಿ ಇಳಿದೆ.

ಕಯಾಕ್ ಆರಿಸುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ಹದಿನಾರು ಅಡಿಯದು ನೇರ ಹೋಗುತ್ತದೆ, ಆದರೆ ಸಂದಿಯಲ್ಲಿ ತಿರುಗುವುದಿಲ್ಲ. ಹನ್ನೆರಡು ಅಡಿಯದು ಹೇಳಿದ ಕಡೆ ತಿರುಗುತ್ತದೆ, ಹೇಳದ ಕಡೆಯೂ ತಿರುಗುತ್ತದೆ. ಅಗಲವಿದ್ದರೆ ಮಗುಚುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಸಣ್ಣಗಿದ್ದರೆ ಓಡುತ್ತದೆ, ಕೆಮ್ಮಿದರೆ ಮಗುಚುತ್ತದೆ. ಮುಂದೆ ಒಂದು ಸಾಮಾನಿನ ಗೂಡು ಸಾಕೇ, ಹಿಂದೆಯೂ ಬೇಕೇ? ಚುಕ್ಕಾಣಿ ಇರಬೇಕೇ, ಬೇಡವೇ? ಗುರುಬಸಣ್ಣ ಗಾಳಿ ತುಂಬುವ ಜಾತಿಯದನ್ನು ತೋರಿಸಿದ. ಹಗುರವೇನೋ ಹೌದು, ತಲೆಯ ಮೇಲೆ ಹೊತ್ತುಕೊಂಡು ಮೂಲೆ ತಿರುಗಿದರೆ ಗಾಳಿ ಅದನ್ನೂ ನನ್ನನ್ನೂ ಬೇರೆ ಬೀದಿಗೆ ಕರೆದುಕೊಂಡು ಹೋಯಿತು. ಮಡಚಿ ಚೀಲದಲ್ಲಿ ಹಾಕಿಕೊಳ್ಳುವುದನ್ನು ತೋರಿಸಿದ. ಅದನ್ನು ಬಿಚ್ಚಿ, ಕೊಂಡಿಗಳನ್ನೆಲ್ಲ ಸಿಕ್ಕಿಸಿ, ಕೊನೆಯ ಗುಂಡಿ ಒತ್ತುವಷ್ಟರಲ್ಲಿ ಸಂಜೆಯಾಗಿತ್ತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ದೋಣಿ ಸಿದ್ಧವಾಗಿದೆ, ಹೊಳೆ ಇಲ್ಲ. ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದೊಂದಿತ್ತು, ಬಲು ಚೆಂದ. ಅಷ್ಟು ಚೆಂದವಿದ್ದರೆ ಜನಕ್ಕೆ ಮುಟ್ಟಬೇಕೆನಿಸುತ್ತದೆ ಎಂದು ಬಿಟ್ಟೆ.

ಇನ್ನು ತೂಕ. ಅಂಗಡಿಯ ಚೀಟಿಯಲ್ಲಿ ಹದಿನಾಲ್ಕು ಕಿಲೋ ಎಂದು ಅಚ್ಚಾಗಿದ್ದ ದೋಣಿಯನ್ನು ನನ್ನ ಕಚೇರಿಯ ದೊಡ್ಡ ತಕ್ಕಡಿಗೆ ಹಾಕಿದರೆ ಹದಿನಾರು ಬಂತು. ಗುರುಬಸಣ್ಣನನ್ನು ಹಿಡಿದು ಕೇಳಿದೆ.

"ಅದು ಸೀಟು ಬಿಟ್ಟು ತೂಗಿರೋದು ಸಾರ್" ಎಂದ.

"ಸೀಟು ಇಲ್ಲದೆ ಗಿರಾಕಿ ಎಲ್ಲಿ ಕೂರ್ತಾನೆ?"

"ಅದು ಗಿರಾಕಿಗೆ ಬಿಟ್ಟಿದ್ದು ಸಾರ್. ಕಂಪನಿಯವರು ಅದರಲ್ಲೆಲ್ಲ ತಲೆ ಹಾಕಲ್ಲ."

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ವಾಸಪ್ಪನವರಿಗೂ ಇದೇ ಕಾಯಿಲೆ. ನಿವೃತ್ತರಾದ ಮೇಲೆ ಅವರು ಕೊಂಡ ಕಯಾಕ್ ಹನ್ನೆರಡು ಕಿಲೋ ಚಿಲ್ಲರೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಚಿಲ್ಲರೆ ಎಷ್ಟೆಂದು ನೋಡೋಣ ಬನ್ನಿ ಎಂದು ತಕ್ಕಡಿಗೆ ಕರೆದೆ. ಹದಿಮೂರು ಕಿಲೋ ಆರುನೂರು ಗ್ರಾಂ. ಮೇಷ್ಟ್ರು ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಸೀಟು ಕಿತ್ತುಹಾಕಿ, ಕಾಲು ಒತ್ತುವ ಹಲಗೆ ಕಿತ್ತುಹಾಕಿ, ಗೋಣಿಚೀಲ ಮಡಚಿಕೊಂಡು ಅದರ ಮೇಲೆ ಕೂತು ಓಡಾಡತೊಡಗಿದರು. ಬೆನ್ನು ಹಿಡಿದುಕೊಂಡು ನಡೆಯುತ್ತಿದ್ದರು, ಆದರೆ ತಲೆ ಎತ್ತಿ ನಡೆಯುತ್ತಿದ್ದರು.

ಆರನೆಯ ವರ್ಷದ ಯುಗಾದಿಗೆ ನನ್ನ ಕಯಾಕ್ ಬಂತು. ಕಾರ್ಬನ್ ನೂಲಿನದು, ಹದಿನಾಲ್ಕು ಅಡಿ, ಕಪ್ಪು ಮೈ, ಮುಂದೊಂದು ಹಿಂದೊಂದು ಗೂಡು. ಸೀಟು ಸಮೇತ, ಮುಚ್ಚಳ ಸಮೇತ, ನಾನೇ ನಿಂತು ಮೂರು ಸಲ ತೂಗಿದೆ: ಹನ್ನೊಂದು ಕಿಲೋ ಇನ್ನೂರು ಗ್ರಾಂ. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮೊಹರು ಒತ್ತಿ ಮನೆಯಲ್ಲಿ ತೂಗುಹಾಕಿದೆ. ಊರಿನಲ್ಲಿ ಅದಕ್ಕಿಂತ ಹಗುರದ್ದು ಇರಲಿಲ್ಲ. ವಾಸಪ್ಪನವರು ನೋಡಲು ಬಂದು, ಅಂಗೈ ಎತ್ತಿಕೊಂಡೇ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ತೆಳು ಕಾಣುತ್ತೆ, ಎಷ್ಟು ದಿನ ಬಾಳುತ್ತೋ" ಎಂದು ಹೊಟ್ಟೆಯುರಿಯನ್ನು ಸ್ವಲ್ಪ ಇಳಿಸಿಕೊಂಡು ಹೋದರು.

ಅವತ್ತೇ ಹೊರಡಬಹುದಿತ್ತು. ಭುಜದ ಮೇಲಿಟ್ಟರೆ ಇದೆಯೋ ಇಲ್ಲವೋ ತಿಳಿಯದಂಥ ದೋಣಿ. ಆದರೆ ಅದಕ್ಕೆ ತಕ್ಕ ಹುಟ್ಟು ಇರಲಿಲ್ಲ. ಹಗುರ ದೋಣಿಗೆ ಭಾರದ ಹುಟ್ಟು ಹಾಕುವುದೆಂದರೆ ರೇಷ್ಮೆ ಸೀರೆಗೆ ಗೋಣಿದಾರದ ಹೊಲಿಗೆ ಹಾಕಿದ ಹಾಗೆ. ಹುಟ್ಟು ಆರಿಸಲು ಐದು ತಿಂಗಳು. ಹುಟ್ಟು ಬಂದಾಗ ಹೊಳೆಯಲ್ಲಿ ಕಲ್ಲು ಎದ್ದಿದ್ದವು, ಕಾರ್ಬನ್ನಿಗೆ ಗೀರು ಬಿದ್ದೀತು. ಕಲ್ಲು ಮುಳುಗುವಷ್ಟು ನೀರು ಬಂದಾಗ ಸೆಳವು ಹೆಚ್ಚಿತ್ತು. ಸೆಳವು ಇಳಿದಾಗ ಬಿಸಿಲು, ಬಿಸಿಲಿಗೆ ಅಂಟು ಸಡಿಲವಾಗುತ್ತದಂತೆ. ಅದನ್ನು ನಡುಮನೆಯಲ್ಲಿ ಬಟ್ಟೆ ಸುತ್ತಿದ ಗೂಟಗಳ ಮೇಲೆ ಮಲಗಿಸಿ, ಅಪ್ಪನ ಹಳೆಯ ಮಡಿಪಂಚೆಯಿಂದ ದಿನಾ ಒರೆಸುತ್ತಿದ್ದೆ. ಕಚೇರಿಗೆ ಹೊತ್ತುಕೊಂಡು ಹೋಗುತ್ತಿದ್ದೆ, ಹೊತ್ತುಕೊಂಡು ಬರುತ್ತಿದ್ದೆ. ನೀರಿಗೆ ಇಳಿಸಿದ್ದು ಎರಡು ವರ್ಷದಲ್ಲಿ ನಾಲ್ಕು ಸಲ, ಅದೂ ನೀರು ನಿಂತಿದ್ದಾಗ, ಜನ ನೋಡುತ್ತಿದ್ದಾಗ.

ಅಕ್ಕನ ಕಾಗದಗಳು ಬರುತ್ತಲೇ ಇದ್ದವು. ವರ್ಷ ವರ್ಷಕ್ಕೆ ಅಕ್ಷರ ದೊಡ್ಡವಾಗುತ್ತಿದ್ದವು. ಮೊದಲ ಕಾಗದ ಒಂದು ಕಾರ್ಡಿನಲ್ಲಿ ಇಪ್ಪತ್ತು ಸಾಲು. ನಾಲ್ಕನೆಯ ವರ್ಷ ಅಷ್ಟೇ ಮಾತಿಗೆ ಎರಡು ಹಾಳೆ ಬೇಕಾಯಿತು. ಆಮೇಲೆ ಒಂದೊಂದು ಅಕ್ಷರ ಉದ್ದಿನ ವಡೆಯಷ್ಟಾಯಿತು, ಸಾಲುಗಳು ಒಂದರ ಮೇಲೊಂದು ಹತ್ತಿ ಕೂತವು. ಕೊನೆಯ ಕಾಗದದಲ್ಲಿ ಇಡೀ ಹಾಳೆಗೆ ಇದ್ದದ್ದು "ಯಾವಾಗ ಬರ್ತೀ" ಎಂದಿಷ್ಟೇ. ಅಕ್ಕ ಕಾಗದ ದಂಡ ಮಾಡುತ್ತಾಳೆ ಎಂದು ನಾನು ಕಚೇರಿಯಲ್ಲಿ ತಮಾಷೆ ಮಾಡಿದೆ. ಅಕ್ಷರ ಯಾಕೆ ಬೆಳೆಯುತ್ತಿವೆ ಎಂದು ಗೊತ್ತಿಲ್ಲದವನ ಹಾಗೆ ನಕ್ಕೆ. ಗೊತ್ತಿತ್ತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಪ್ರತಿ ಸಲವೂ ನನ್ನ ಉತ್ತರ ತಪ್ಪದೆ ಹೋಗುತ್ತಿತ್ತು: ಕಯಾಕ್ ಬಂದಿದೆ ಅಕ್ಕ, ನೋಡಿದರೆ ಸಂತೋಷಪಡುತ್ತೀ, ಇನ್ನೇನು ಹೊರಡುವುದೇ.

ಕೊನೆಯ ಕಾಗದಕ್ಕೆ ನಾನು ಉತ್ತರ ಬರೆಯುವ ಮೊದಲೇ ಅವಳೇ ಬಂದಳು. ಅವತ್ತು ಹೊಳೆ ನಮ್ಮ ಕಚೇರಿಯ ಮುಂದೆಯೇ ಇತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಹೊರಗೆ ಬಂದು ನೋಡಿದರೆ ಮೆಟ್ಟಿಲ ಬಳಿ ಒಂದು ದೋಣಿ. ದೋಣಿ ಎನ್ನುವುದಕ್ಕೆ ನಾಚಿಕೆಯಾಗಬೇಕು, ಯಾವುದೋ ಮುದಿಮರದ ಬೊಡ್ಡೆಯನ್ನು ತೋಡಿ ಮಾಡಿದ್ದು. ಬದಿಗಳು ಗೇಣು ದಪ್ಪ, ತೂತು ಬಿದ್ದ ಕಡೆಯೆಲ್ಲ ಎಣ್ಣೆ ಡಬ್ಬದ ತಗಡು ಹೊಡೆದಿತ್ತು. ಹುಟ್ಟು ಹಾಕುತ್ತಿದ್ದವಳು ಬಳೆ ಮಾರುವ ದ್ಯಾಮವ್ವ ಎಂಬ ಹೆಂಗಸು. ಬಳೆ ಮಲಾರವನ್ನು ಬಗಲಿಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಪ್ಪ ತಮ್ಮ? ನಾನು ಒಂಬತ್ತನೇ ಹೊರೆಯವಳು. ನಿಮ್ಮಕ್ಕನ್ನ ಮುಟ್ಟಿಸಿದೀನಿ, ನನ್ನ ಪಾಲಿಂದು ಆಯ್ತು" ಎಂದು ದಡ ಹತ್ತಿ ನಡೆದೇಬಿಟ್ಟಳು. ದೋಣಿಯ ನಡುವೆ, ಮಡಿಲಲ್ಲಿ ತುಪ್ಪದ ಡಬ್ಬಿ ಇಟ್ಟುಕೊಂಡು, ಅಂಬಕ್ಕ ಕೂತಿದ್ದಳು.

"ಮೌಳಿ?" ಎಂದಳು. ಮುಖ ನನ್ನ ಕಡೆಗಲ್ಲ, ಪಕ್ಕದ ಗೋಡೆಯ ಕಡೆಗಿತ್ತು.

ಕೆಳಗಿಳಿದು ಅವಳ ಎದುರು ಕೂತೆ. ಅವಳ ಎರಡು ಕೈಯೂ ಬಂದು ನನ್ನ ಮುಖವನ್ನು ಹುಡುಕಿದವು. ಹಣೆ, ಮೂಗು, ಕೆನ್ನೆಯ ಗುಳಿ, ಕಿವಿಯ ಹಿಂದೆ ಚಿಕ್ಕಂದಿನಲ್ಲಿ ಬಿದ್ದು ಆದ ಗಾಯದ ಗುರುತು.

"ಹಣೆ ಎಷ್ಟು ಹಿಂದಕ್ಕೆ ಹೋಗಿದೆಯೋ!" ಎಂದು ನಕ್ಕಳು. "ನನಗೆ ಈಗ ಬೆಳಕು ಗೊತ್ತಾಗುತ್ತೆ ಅಷ್ಟೇ. ನೀನು ಬೆಳಕಿಗೆ ಅಡ್ಡ ಕೂತಿದ್ದೀಯ, ಅದು ಗೊತ್ತಾಗ್ತಿದೆ."

"ಯಾವಾಗಿನಿಂದ ಹೀಗೆ ಅಕ್ಕ?"

"ಹೋದ ಯುಗಾದಿ ತನಕ ಮುಖ ಕಾಣ್ತಿತ್ತು. ಹತ್ತಿರ ಬಂದರೆ ಇಂಥವರು ಅಂತ ತಿಳೀತಿತ್ತು. ಆಮೇಲೆ ಒಂದೇ ಸಲ ಹೋಯ್ತು."

ನನ್ನ ಕಯಾಕ್ ಬಂದದ್ದು ಅದರ ಹಿಂದಿನ ಯುಗಾದಿಗೆ. ಒಂದಿಡೀ ವರ್ಷ ನನ್ನ ನಡುಮನೆಯಲ್ಲಿ ಊರಿಗೇ ಹಗುರವಾದ ದೋಣಿ ಮಲಗಿತ್ತು, ಒಂಬತ್ತು ಹೊರೆಯಾಚೆ ಅವಳಿಗೆ ಕಣ್ಣಿತ್ತು.

ಹೀಗಿದ್ದೂ ಆಮೇಲೆ ನಾನು ಕೇಳಿದ್ದು ಏನು ಗೊತ್ತೇ? "ಇಷ್ಟು ದೊಡ್ಡ ಬೊಡ್ಡೆಯನ್ನು ಹೊರೆಗಳಲ್ಲಿ ಹೇಗೆ ದಾಟಿಸಿದೆ?" ಎಂದು.

"ಕೂಗಿದೆ. ಜನ ಬಂದರು, ಎತ್ತಿದರು."

"ಎಷ್ಟು ಜನ?"

"ನಾನೇನು ಎಣಿಸಿದೆನೇ? ಒಂದೊಂದು ಹೊರೆಗೆ ಎಂಟೋ ಹತ್ತೋ. ದ್ಯಾಮವ್ವ ಎಪ್ಪತ್ತಮೂರು ಅಂತಿದ್ದಳು."

"ಎಪ್ಪತ್ತಮೂರು ಪಾಲುದಾರರಾ! ಅಕ್ಕ, ಮನೆ ಹಾಳು ಮಾಡಿಕೊಂಡೆಯಲ್ಲೇ!"

"ಅವರ ಮನೆಗಳಲ್ಲೇ ಊಟ ಮಾಡಿಕೊಂಡು ಬಂದೆ ಕಣೋ. ಆರನೇ ಹೊರೆಯಲ್ಲಿ ಒಬ್ಬಳು ಹುರುಳಿ ಸಾರು ಮಾಡಿದ್ದಳು, ಎಷ್ಟು ಚೆನ್ನಾಗಿತ್ತು ಅಂತೀಯ."

ಮನೆಗೆ ಕರೆತಂದೆ. ಕೈ ಹಿಡಿದು ಹೊಸ್ತಿಲು ದಾಟಿಸಿದೆ. ತುಪ್ಪದ ಡಬ್ಬಿ ಇಳಿಸಿ, ಕಾಲು ತೊಳೆದು, ಕಾಫಿ ಕುಡಿದು ಅವಳು ಕೇಳಿದ್ದು, "ಎಲ್ಲೋ ನಿನ್ನ ಕಯಾಕು? ಎಂಟು ವರ್ಷದಿಂದ ಬರೀತಿದ್ದೀಯ, ಕೈಗಾದರೂ ತೋರಿಸು" ಎಂದು. ಗೂಟದ ಹತ್ತಿರ ಒಯ್ದು ನಿಲ್ಲಿಸಿದೆ. ಮೂತಿಯಿಂದ ಬಾಲದವರೆಗೆ ಸವರಿದಳು. ಬೆರಳಿನಿಂದ ತಟ್ಟಿದಳು. "ಇಷ್ಟು ತೆಳ್ಳಗೆ! ಇದು ತೊಟ್ಟಿಲೇನೋ?" ಎನ್ನುತ್ತ ನಾನು ಬಾಯಿ ತೆರೆಯುವುದರೊಳಗೆ ಒಂದು ಕೈ ಅಡಿಗೆ ಕೊಟ್ಟು ಎತ್ತಿಯೇಬಿಟ್ಟಳು.

"ಕೈ ಬಿಡು!" ಎಂದು ಕಿರುಚಿದೆ.

ಅವಳು ಬೆಚ್ಚಿ ಬಿಟ್ಟಳು. ಕಯಾಕ್ ಗೂಟಕ್ಕೆ ಬಡಿದು ಓರೆಯಾಯಿತು, ಕಪ್ಪು ಮೈಯ ಮೇಲೆ ಬಿಳಿಯ ಗೀರೊಂದು ಎದ್ದಿತು. ಅಕ್ಕ ತನ್ನ ಅಂಗೈಯನ್ನು ಎದೆಗೊತ್ತಿಕೊಂಡು, "ಏನಾಯ್ತೋ? ಬಿಸಿ ಇತ್ತಾ?" ಎಂದು ಕೇಳಿದಳು. ಕಟ್ಟಳೆ ಬೀದಿಗೆ ಮಾತ್ರ, ನಡುಮನೆಯೊಳಗೆ ಎತ್ತಿದರೆ ಪಾಲಿಲ್ಲ ಎಂದು ಆ ಕ್ಷಣಕ್ಕೆ ನೆನಪಾಗಿ ನನಗೆ ಸಮಾಧಾನವಾಯಿತು. ಆ ಸಮಾಧಾನದಷ್ಟು ಹೊಲಸಾದದ್ದು ನನ್ನ ಜೀವನದಲ್ಲಿ ಬೇರೆ ಇಲ್ಲ.

ಆರು ದಿನ ಇದ್ದಳು. ನನಗೆ ಅಡುಗೆ ಬರುವುದಿಲ್ಲವೆಂದು ಬೈದಳು, ಸಾರಿಗೆ ತಾನೇ ಒಗ್ಗರಣೆ ಹಾಕಿದಳು, ನೆರೆಹೊರೆಯವರನ್ನೆಲ್ಲ ದನಿಯಿಂದ ಗುರುತು ಹಿಡಿದಳು. ವಾಸಪ್ಪನವರಿಗೆ ಬೆನ್ನಿಗೆ ಹಚ್ಚಿಕೊಳ್ಳಲು ಎಣ್ಣೆ ಹೇಳಿಕೊಟ್ಟಳು. ಏಳನೆಯ ದಿನ ಹೊರಟು ನಿಂತಳು. ನಮ್ಮಲ್ಲೇ ಇರು ಎಂದೆ. "ಎಮ್ಮೆನ ಪಕ್ಕದ ಮನೇಲಿ ಬಿಟ್ಟು ಬಂದಿದೀನಿ, ಅದು ನನ್ನ ಕೈಗಲ್ಲದೆ ಸರಿಯಾಗಿ ಹಾಲು ಬಿಡಲ್ಲ. ಪಾಪ, ಈಗಾಗಲೇ ಒದ್ದಾಡ್ತಿರುತ್ತೆ" ಎಂದಳು. ಹಾಗಾದರೆ ನಾನೂ ಬರುತ್ತೇನೆ, ನೀನು ನಿನ್ನ ದೋಣಿಯಲ್ಲಿ, ನಾನು ಪಕ್ಕದಲ್ಲಿ ಕಯಾಕಿನಲ್ಲಿ ಎಂದೆ. ಅವಳ ಮುಖ ಅರಳಿತು. ನಾನು ಎಂಟು ವರ್ಷದಿಂದ ಕೂಡಿಟ್ಟ ಸಾಮಾನನ್ನೆಲ್ಲ ಮೈಗೇರಿಸಿಕೊಂಡೆ: ತೇಲುವ ಅಂಗಿ, ನೀರು ತಾಗದ ಚೀಲ, ಕುತ್ತಿಗೆಗೆ ಸೀಟಿ, ಟೊಪ್ಪಿಗೆ. ಭುಜದ ಮೇಲೆ ಹನ್ನೊಂದು ಕಿಲೋ ಇನ್ನೂರು ಗ್ರಾಂ.

ಹೊಳೆ ಅವತ್ತು ಅಕ್ಕಿ ಮಂಡಿಯ ಬೀದಿಯಲ್ಲಿತ್ತು. ಅಕ್ಕನ ದೋಣಿ ಬಂದ ದಿನ ಬಿಟ್ಟಲ್ಲೇ, ಕಚೇರಿಯ ಮುಂದೆ, ಒಣನೆಲದ ಮೇಲೆ ಕವುಚಿ ಬಿದ್ದ ಎಮ್ಮೆಯ ಹಾಗೆ ಬಿದ್ದಿತ್ತು. ನಡುವೆ ಮೂರು ಬೀದಿ. ಅಕ್ಕ ದೋಣಿಯ ಬದಿಗೆ ಕೈಯಿಟ್ಟು, ಒಂಬತ್ತು ಹೊರೆಗಳಲ್ಲಿ ಕೂಗಿದ ಹಾಗೆಯೇ ಕೂಗಿದಳು: "ಯಪ್ಪಾ, ಯಾರಿದ್ದೀರಿ? ಒಂದು ಕೈ ಕೊಡಿ ಬನ್ನಿ!"

ಜನ ಬಂದರು. ನಮ್ಮೂರಿನ ಜನ ನೋಡುವುದಕ್ಕೆ ಎಂದೂ ತಡಮಾಡಿದವರಲ್ಲ. ಎರಡು ನಿಮಿಷದಲ್ಲಿ ಅರವತ್ತು ಮಂದಿ ಸೇರಿ, ಎಲ್ಲರೂ ಅಂಗೈ ಮೇಲೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಗೌರವದಿಂದ ನಿಂತರು. ಶಿರಸ್ತೇದಾರರಿದ್ದರು. ಗುರುಬಸಣ್ಣನಿದ್ದ. ವಾಸಪ್ಪನವರು ಎಲ್ಲರಿಗಿಂತ ನೆಟ್ಟಗೆ ಕೈ ಎತ್ತಿದ್ದರು, ಡ್ರಿಲ್ ಮೇಷ್ಟ್ರಲ್ಲವೇ. ಒಂದು ಸದ್ದಿಲ್ಲ.

ಅಕ್ಕ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಮತ್ತೆ ಕೂಗಿದಳು. ಆಮೇಲೆ ನನ್ನ ಕಡೆ ಎಂದುಕೊಂಡು ಗುರುಬಸಣ್ಣನ ಕಡೆ ತಿರುಗಿ, "ಮೌಳಿ, ಈ ಊರಲ್ಲಿ ಯಾರೂ ಇಲ್ವೇನೋ?" ಎಂದಳು.

"ಇದ್ದಾರೆ ಅಕ್ಕ. ಅರವತ್ತು ಜನ ಇದ್ದಾರೆ."

"ಮತ್ತೆ ಯಾಕೆ ಸುಮ್ಮನಿದ್ದಾರೆ?"

"ಮರ್ಯಾದೆಗೆ" ಎಂದೆ.

"ಮರ್ಯಾದೆಗಾ?" ಎಂದಳು. ಕೂಗಿದರೆ ಕೈಕೊಡುವ ಜನರ ನಡುವೆ ನಲವತ್ತು ವರ್ಷ ಬಾಳಿದವಳಿಗೆ ಅದು ನಿಜವಾಗಿಯೂ ಅರ್ಥವಾಗಲಿಲ್ಲ. ಬಾಗಿ ದೋಣಿಯ ಮೂತಿಗೆ ಎರಡೂ ಕೈ ಕೊಟ್ಟು ತಾನೇ ಎಳೆಯತೊಡಗಿದಳು. ಅರವತ್ತೇಳು ವರ್ಷದವಳು. ಕಾಲು ಜಾರಿತು, ಮಂಡಿಯೂರಿದಳು, ಮತ್ತೆ ಎದ್ದು ಹಿಡಿದಳು. ಬೊಡ್ಡೆ ಒಂದಂಗುಲ ಅಲುಗಲಿಲ್ಲ. ಅರವತ್ತು ಜನರ ಮಧ್ಯೆ, ಭುಜದ ಮೇಲೆ ದೋಣಿ ಇಟ್ಟುಕೊಂಡು, ಬಿಡುವಾದ ಒಂದು ಕೈಯನ್ನು ನಾನೂ ಮೇಲೆತ್ತಿದ್ದೇನೆಂದು ಆಗ ನನ್ನ ಗಮನಕ್ಕೆ ಬಂತು. ಅಭ್ಯಾಸ. ಆ ಕೈಯನ್ನು ಕಡಿದು ಹಾಕಬೇಕೆನಿಸಿತು.

ಕಯಾಕನ್ನು ಬೀದಿಯ ನಡುವೆ ಇಳಿಸಿದೆ. ನಾನು ಒಬ್ಬನೇ ಕೈ ಹಚ್ಚಿದರೆ ಆ ಬೊಡ್ಡೆ ಏಳುವುದಿಲ್ಲ, ಎಂಟು ಜನವಾದರೂ ಬೇಕು. ನಮ್ಮ ಜನವನ್ನು ಅಳ್ಳಾಡಿಸುವುದು ಏನೆಂದು ಮೊಹರಿನ ಗುಮಾಸ್ತನಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ಕೇಳಿ" ಎಂದೆ. "ಅಕ್ಕನ ದೋಣಿ ನೀರು ಮುಟ್ಟಿಸಿದವರು ನನ್ನ ಕಯಾಕನ್ನೂ ಎತ್ತಬಹುದು. ಇಲ್ಲೇ, ಬೀದಿಯಲ್ಲೇ. ಪಾಲು ಪಾಲೇ."

ಅರವತ್ತು ಜೊತೆ ಅಂಗೈ ಗಾಳಿಯಲ್ಲೇ ನಿಂತಿದ್ದವು. ವಾಸಪ್ಪನವರು ಗಂಟಲು ಸರಿಮಾಡಿಕೊಂಡು, "ಎಷ್ಟು ಜನಕ್ಕೆ?" ಎಂದು ಕೇಳಿದರು.

"ಎಷ್ಟು ಜನ ಬೇಕಾದರೂ."

ಮರ್ಯಾದೆ ಇಳಿಯುವ ವೇಗ ನೀವು ನೋಡಬೇಕಿತ್ತು. ಒಬ್ಬರ ಕಾಲ ಮೇಲೊಬ್ಬರು ತುಳಿದುಕೊಂಡು ಬೊಡ್ಡೆಗೆ ಮುತ್ತಿದರು. ಜಾಗ ಸಿಗದವರು ಎತ್ತುವವರ ತೋಳು ಹಿಡಿದು ಎತ್ತಿದರು. ಶಿರಸ್ತೇದಾರರು ನಡುವೆ ನುಗ್ಗಿ ಬರಿಯ ಒಂದು ಬೆರಳು ತಾಗಿಸಿಕೊಂಡು ಮೂರು ಬೀದಿ ಓಡಿದರು. ದೋಣಿ ಹಗ್ಗ ಕಟ್ಟಿ ಎಳೆದ ಹಾಗೆ ಹೋಗಿ ಅಕ್ಕಿ ಮಂಡಿಯ ಮುಂದೆ ನೀರಿಗೆ ಬಿತ್ತು. ಹಿಂದಿನಿಂದ ನಾನು ಅಕ್ಕನ ಕೈ ಹಿಡಿದು ನಡೆಸಿಕೊಂಡು ಬಂದೆ.

"ಜನ ಬಂದರಲ್ಲ!" ಎಂದಳು ಅಕ್ಕ, ಕಾಲಿನ ಸದ್ದು ಕೇಳಿ. "ಒಳ್ಳೇ ಜನ ಕಣೋ ನಿಮ್ಮೂರವರು. ಸ್ವಲ್ಪ ನಾಚಿಕೆ ಸ್ವಭಾವ, ಅಷ್ಟೇ."

ಹೌದಕ್ಕ ಎಂದೆ. ಅವಳನ್ನು ಕೂರಿಸಿ, ನಾನೂ ಹತ್ತಿ, ಆ ಒರಟು ಮರದ ಹುಟ್ಟು ಕೈಗೆ ತೆಗೆದುಕೊಂಡೆ. ಅರವತ್ತು ಜನ ಆಗಲೇ ತಿರುಗಿ ಕಚೇರಿಯ ಕಡೆ ಓಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗಾಟ ಕೇಳಿಸಿತು. ಆಮೇಲೆ ಕಾರ್ಬನ್ ಬಿರಿಯುವ ಸದ್ದು. ಆಮೇಲೆ ವಾಸಪ್ಪನವರ ದನಿ, ಸೀಟು ನನಗೆ ಸೇರಬೇಕು ಎಂದು. ಹನ್ನೊಂದು ಕಿಲೋ ಇನ್ನೂರು ಗ್ರಾಮನ್ನು ಅರವತ್ತಕ್ಕೆ ಹಂಚಿದರೆ ತಲೆಗೆ ನೂರೆಂಬತ್ತಾರು ಗ್ರಾಂ ಚಿಲ್ಲರೆ. ಲೆಕ್ಕ ತಾನಾಗಿಯೇ ಮನಸ್ಸಿಗೆ ಬಂತು, ಕೆಟ್ಟ ಚಟ.

ಊರು ಹಿಂದಾಯಿತು. ಹೊಳೆ ಹೊಲಗಳ ನಡುವೆ ಬಂದಾಗ ಅಕ್ಕ, "ಈಗ ಹೇಳು, ನೋಡೋಕೆ ಹೇಗಾಗಿದ್ದೀಯ?" ಎಂದಳು.

"ಕೈಯಿಂದ ನೋಡಿದೆಯಲ್ಲ."

"ಕೈಗೆ ಮೂಗು ಸಿಗುತ್ತೆ, ಗಡ್ಡ ಸಿಗುತ್ತೆ. ಮುಖ 'ಇವನೇ' ಅಂತ ಸಿಗಲ್ಲ ಕಣೋ. ನೀನು ಹೇಳು."

ಹೇಳಲು ಹೊರಟೆ. ಕೂದಲು ನರೆತಿದೆ ಎಂದೆ, ಕಣ್ಣಿನ ಕೆಳಗೆ ಕಪ್ಪಾಗಿದೆ ಎಂದೆ. ಅಪ್ಪನ ಹಾಗೆ ಕಾಣುತ್ತೇನೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಅವಳ ಮನಸ್ಸಿಗೆ ಏನೂ ಬರುತ್ತಿಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವಳ ಒಳಗೆ ಇನ್ನೂ ಕೊನೆಯ ಸಲ ಕಣ್ಣಾರೆ ಕಂಡ ಮೂವತ್ತರ ಮೌಳಿಯೇ ಇದ್ದ. ಅವನನ್ನು ಬದಲಾಯಿಸುವ ಕಾಲ ಮುಗಿದಿತ್ತು, ಮುಗಿಸಿದವನು ನಾನು. ನನಗೆ ಅಳು ಬಂತು. ಸದ್ದು ಕೇಳಬಾರದೆಂದು ಜೋರಾಗಿ ಹುಟ್ಟು ಹಾಕಿದೆ.

ಮೊದಲ ಹೊರೆ ಕಾಣಿಸಿತು. ಹೊಳೆ ಅಲ್ಲಿ ಮುಗಿದು ಕೆಮ್ಮಣ್ಣಿನ ದಾರಿ ಮೇಲೇರುತ್ತಿತ್ತು. ಎಂಟು ಜನಕ್ಕೆ ಆಗುವ ಹೊರೆಯಲ್ಲಿ ನನ್ನ ಪಾಲು ಎಷ್ಟು ಬಂದೀತು, ಭುಜ ತಡೆದೀತೇ ಎಂದು ಅಳುಕಾಯಿತು.

"ಅಕ್ಕ, ಈ ದೋಣಿ ಎಷ್ಟು ತೂಕ ಇದ್ದೀತು?" ಎಂದು ಕೇಳಿದೆ.

ಅಂಬಕ್ಕ ಜನರನ್ನು ಕೂಗಲು ಬಾಯಿಗೆ ಎರಡು ಕೈ ಅಡ್ಡ ಹಿಡಿದಿದ್ದಳು. ನನ್ನ ಪ್ರಶ್ನೆಗೆ ಅವನ್ನು ಇಳಿಸಿ, "ನನಗೇನೋ ಗೊತ್ತು?" ಎಂದಳು. "ಒಂದು ದಿನವೂ ಒಬ್ಬಳೇ ಹೊತ್ತಿಲ್ಲವಲ್ಲ."